ಮೇಲಕ್ಕೇರಿದ ಕೆಂಪು ಗೆರೆ

ಮಕ್ಕಳೇ, ಕಾಡಿನ ನಡುವೆ ಒಂದು ಹೊಳೆ. ದಾಟಿಸಲು ಒಂದೇ ಹರಿಗೋಲು. ಬುಟ್ಟಿಯಂತೆ ದುಂಡಗಿನ ಆ ದೋಣಿಯನ್ನು ಬಿದಿರಿನಿಂದ ಹೆಣೆದದ್ದು ಮುದಿ ಆಮೆ. ನಡೆಸುತ್ತಿದ್ದವನು ನೀರುನಾಯಿ ಬೊಮ್ಮ.

ಹರಿಗೋಲಿನ ಹೊರಮೈಗೆ ಆಮೆ ಸುತ್ತಲೂ ಕೆಮ್ಮಣ್ಣಿನ ಗೆರೆ ಎಳೆದಿತ್ತು. ಹೇರು ತುಂಬಿದ ಮೇಲೂ ಗೆರೆ ಕಾಣಬೇಕು. ಗೆರೆ ನೀರಲ್ಲಿ ಮುಳುಗಿದರೆ ಯಾರಾದರೂ ಇಳಿಯಬೇಕು. ಅಷ್ಟೇ ಕಟ್ಟಳೆ.

ಬೊಮ್ಮ ಕೆಟ್ಟವನಲ್ಲ. ಆದರೆ ದೊಡ್ಡವರು ಗದರಿದರೆ "ಆಗುವುದಿಲ್ಲ" ಎನ್ನಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೊಲ ಚಿಗುರಕ್ಕ ಮೂರು ಮರಿಗಳೊಂದಿಗೆ ಹರಿಗೋಲಿನಲ್ಲಿ ಕೂತಳು. ಹಿಂದೆಯೇ ಕಾಡುಹಂದಿ ಬಂದು ಗೆಣಸಿನ ನಾಲ್ಕು ಮೂಟೆ ಎಸೆದು, ತಾನೂ ಹತ್ತಿ ಕೂತ. ಗೆರೆ ಮುಳುಗಿತು.

"ಹಂದಿ ಮಾವ, ಎರಡು ಮೂಟೆ ಇಳಿಸು. ಮುಂದಿನ ಸಲ ತರುತ್ತೇನೆ," ಎಂದ ಬೊಮ್ಮ, ಮೆಲ್ಲಗೆ.

"ಯಾಕೋ, ತೋಳಲ್ಲಿ ಕಸುವಿಲ್ಲವಾ? ಮೊಲದ ಮರಿಗಳನ್ನು ದಾಟಿಸಿಕೊಂಡೇ ಮುದುಕನಾಗ್ತೀಯಾ?"

ದಡದಲ್ಲಿದ್ದ ಕೊಕ್ಕರೆಗಳು ಕಿಸಕ್ಕನೆ ನಕ್ಕವು. ಬೊಮ್ಮನ ಮುಖ ಬಿಸಿಯಾಯಿತು. ಹುಟ್ಟು ಹಾಕುವ ತೋಳಿನ ಕಸುವೇ ಬೇರೆ, ಹೇರು ಹೊರುವ ಬಿದಿರಿನ ಕಸುವೇ ಬೇರೆ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಏನು ಮಾಡಿದ ನೋಡಿ: ಹಳೆಯ ಗೆರೆಯನ್ನು ಉಗುರಿನಿಂದ ಕೆರೆದು, ದಡದ ಕೆಮ್ಮಣ್ಣಿನಿಂದ ಒಂದು ಗೇಣು ಮೇಲೆ ಹೊಸ ಗೆರೆ ಎಳೆದ.

"ಗೆರೆ ಮೇಲೆ ಹೋಯ್ತಲ್ಲ, ಬೊಮ್ಮಣ್ಣ?" ಎಂದಳು ಚಿಗುರಕ್ಕ.

"ಸುಮ್ಮನೆ ಕೂರಮ್ಮ. ಕಾಣುತ್ತಿದೆಯೋ ಇಲ್ಲವೋ?"

ಅವಳು ಸುಮ್ಮನಾದಳು. ಕೊಕ್ಕರೆಗಳು ನೋಡಿದವು, ಮೀನು ಹುಡುಕತೊಡಗಿದವು. ಬಂಡೆಯ ಮೇಲಿದ್ದ ಆಮೆಯೂ ನೋಡಿತು. ಹಂದಿಯ ಬೈಗುಳಕ್ಕೆ ಯಾರು ಸಿಕ್ಕಿಕೊಳ್ಳಬೇಕು ಎಂದುಕೊಂಡು ಕತ್ತು ಒಳಗೆಳೆದುಕೊಂಡಿತು.

ನಡುಹೊಳೆಯಲ್ಲಿ ಗಾಳಿ ಬೀಸಿತು. ದೊಡ್ಡ ಗಾಳಿಯೇನಲ್ಲ. ಒಂದು ಸಣ್ಣ ಅಲೆ ಅಂಚು ದಾಟಿ ಒಳಗೆ ಬಂತು, ಅದರ ಹಿಂದೆ ಇನ್ನೊಂದು. ಹರಿಗೋಲು ಮಗುಚಿತು.

ಹಂದಿ ಈಜಿ ದಡ ಸೇರಿದ. ಬೊಮ್ಮ ಚಿಗುರಕ್ಕನನ್ನೂ ಒಂದು ಮರಿಯನ್ನೂ ಎಳೆತಂದ. ಆಮೆ ಇನ್ನೊಂದನ್ನು ಬೆನ್ನ ಮೇಲೆ ತಂದಿತು. ಮೂರನೆಯದು ಸಿಗಲಿಲ್ಲ. ಬೊಮ್ಮ ಮಧ್ಯಾಹ್ನದವರೆಗೂ ಮುಳುಗಿ ಮುಳುಗಿ ಹುಡುಕಿದ.

"ಗೆರೆ ಎಳೆದವನು ಇವನು," ಎಂದ ಹಂದಿ, ಮೈ ಕೊಡವುತ್ತಾ.

"ಹೌದು, ನಾನೇ," ಎಂದ ಬೊಮ್ಮ. ಅವನಿಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ.

ಚಿಗುರಕ್ಕ ಒದ್ದೆ ಮರಿಗಳೆರಡನ್ನೂ ಅವುಚಿಕೊಂಡು ಕೇಳಿದಳು: "ಕೊಕ್ಕರೆಗಳೇ, ನೀವು ನೋಡಿದಿರಿ. ಆಮೆಯಜ್ಜ, ನೀನೂ ನೋಡಿದೆ. ನಾನೂ ನೋಡಿದೆ, ಆದರೂ ಮಕ್ಕಳನ್ನು ಕೂರಿಸಿಕೊಂಡೇ ಇದ್ದೆ. ಇಷ್ಟು ಜನರಲ್ಲಿ ಒಬ್ಬರಿಗಾದರೂ ಬಾಯಿ ಇರಲಿಲ್ಲವೇ?"



ನೀತಿ: ದೋಣಿ ಎಷ್ಟು ಹೊರಬಲ್ಲದೆಂದು ಹೇಳಬೇಕಾದದ್ದು ದೋಣಿ, ದೊಡ್ಡವರ ಬಾಯಲ್ಲ; ಹೇರು ಮಿತಿ ಮೀರಿದ್ದನ್ನು ಕಂಡೂ ಸುಮ್ಮನಿದ್ದವರು ಮುಳುಗಿಸಿದವರ ಜೊತೆಗಾರರು.