ನೂರನೇ ಅಜ್ಜಿ

ಒಂದಾನೊಂದು ಕಾಲದಲ್ಲಿ... ಅದು ಯಾವ ಕಾಲ ಅಂತ ಈಗಲೇ ಕೇಳಬೇಡ ಕೂಸೇ, ಅದನ್ನ ಕೇಳಿದ್ದಕ್ಕೇ ಈ ಕತೆ ಹುಟ್ಟಿದ್ದು. ಕಾಲು ಒಳಗೆ ಎಳೆದುಕೋ, ಕಂಬಳಿ ಸರಿಯಾಗಿ ಹೊದ್ದುಕೋ, ಹೂಂಗುಟ್ಟುತ್ತಾ ಇರು. ತುಂಬೆಕೆರೆ ಅಂತ ಒಂದು ಊರಿತ್ತಂತೆ. ಊರ ಮುಂದೆ ಒಂದು ಹಳೇ ಕಲ್ಲುಮಂಟಪ. ಆ ಮಂಟಪದಲ್ಲಿ ಹದಿನೆಂಟು ಮಕ್ಕಳನ್ನು ಕೂರಿಸಿಕೊಂಡು ಪರ್ವತಯ್ಯ ಅನ್ನೋ ಐಗಳು ಮಠ ನಡೆಸುತ್ತಿದ್ದರಂತೆ. ಮಠ ಅಂದ್ರೆ ಆಗಿನ ಕಾಲದ ಇಸ್ಕೂಲು, ಐಗಳು ಅಂದ್ರೆ ಮೇಷ್ಟ್ರು. ಬೆಳಗ್ಗೆ ಸ್ನಾನ ಮಾಡಿ, ಹಣೆತುಂಬ ವಿಭೂತಿ ಇಟ್ಟು, ಶಿವಪೂಜೆ ಮುಗಿಸಿಕೊಂಡು ಬಂದು, ಮರಳಿನ ಮೇಲೆ ಮಕ್ಕಳ ಬೆರಳು ಹಿಡಿದು ಅಕ್ಷರ ತಿದ್ದಿಸೋರಂತೆ. ಬೆತ್ತ ಹಿಡಿದವರಲ್ಲ, ದನಿ ಎತ್ತಿದವರಲ್ಲ. ಕುಂಬಾರರ ಕೆಂಚಿ ಅನ್ನೋ ಹುಡುಗಿ ಮಾತ್ರ ಒಂದು ಪಾಠಕ್ಕೆ ಹತ್ತು ಪ್ರಶ್ನೆ ಕೇಳೋಳಂತೆ, ಐಗಳು ಅದಕ್ಕೂ ನಕ್ಕು, ತಡಿ ಮಗಾ, ಮಧ್ಯೆ ಒಂದು ಉಸಿರು ತಗೋ, ಅನ್ನೋರಂತೆ.

ಹೀಗಿರಬೇಕಾದ್ರೆ ಆ ಸೀಮೆಯ ರಾಜ ಹಡಗು ಹತ್ತಿ ಸಮುದ್ರದಾಚೆಯ ಒಂದು ದೇಶಕ್ಕೆ ಹೋದನಂತೆ. ಅಲ್ಲಿಯ ದೊರೆ ದೊಡ್ಡ ಊಟ ಹಾಕಿಸಿದನಂತೆ. ಊಟದ ಮಧ್ಯೆ ಆ ದೊರೆ, ನಮ್ಮ ಈ ಕೋಟೆ ಕಟ್ಟಿ ನಾನೂರು ವರ್ಷ ಆಯ್ತು, ನಿಮ್ಮ ರಾಜಧಾನೀಲಿ ದೊಡ್ಡ ಕಲ್ಲಿನ ದೇವಸ್ಥಾನ ಇದೆಯಂತಲ್ಲ, ಅದನ್ನ ಯಾವಾಗ ಕಟ್ಟಿದ್ದು, ಅಂತ ಕೇಳಿದನಂತೆ. ನಮ್ಮ ರಾಜ ಮೀಸೆ ತಿರುವಿಕೊಂಡು, ಒಂದಾನೊಂದು ಕಾಲದಲ್ಲಿ, ಅಂದನಂತೆ. ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತಂತೆ. ಬಾಯಿಗಿಟ್ಟ ತುತ್ತು ರಾಜನಿಗೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲವಂತೆ.

ಆಮೇಲೆ ಊರಿಗೆ ಬಂದವನೇ ಡಂಗುರ ಹೊಡೆಸಿದನಂತೆ. ನನ್ನ ಹಾಗೆ ನನ್ನ ಸೀಮೆಯ ಮಕ್ಕಳು ಬೆಪ್ಪಾಗಬಾರದು, ನಮ್ಮ ದೇಶದ್ದೂ ಹೊರದೇಶದ್ದೂ ಹಳೇ ಚರಿತ್ರೆಯನ್ನ ಪ್ರತಿಯೊಂದು ಮಠದಲ್ಲೂ ಕಲಿಸಬೇಕು, ಮಕ್ಕಳಿಗೆ ಅದು ಬಾರದಿದ್ದರೆ ಆ ಮಠ ಮುಚ್ಚಿಸಬೇಕು, ಅಂತ. ಪಂಡಿತರು ಚರಿತ್ರೆಯೆಲ್ಲ ಓಲೆಗರಿ ಮೇಲೆ ಬರೆದು ಊರೂರಿಗೆ ಒಂದೊಂದು ಕಟ್ಟು ಕಳಿಸಿದರಂತೆ.

ಪರ್ವತಯ್ಯ ಐಗಳು ಆ ಓಲೆಕಟ್ಟನ್ನ ದೇವರ ಮುಂದಿಟ್ಟು, ಕಣ್ಣಿಗೊತ್ತಿಕೊಂಡು ಬಿಚ್ಚಿದರಂತೆ. ಸಣ್ಣ ಮಕ್ಕಳಿಗೆ ಇದನ್ನ ಹೇಗಪ್ಪಾ ಹೇಳೋದು ಅಂತ ಯೋಚಿಸಿ ಯೋಚಿಸಿ, ಅವರಿಗೆ ಗೊತ್ತಿದ್ದ ದಾರಿ ಒಂದೇ, ಕತೆ ಮಾಡಿ ಹೇಳಿದರಂತೆ. ಒಂದಾನೊಂದು ಕಾಲದಲ್ಲಿ ಸಿಂಧೂ ನದಿಯ ದಂಡೆ ಮೇಲೆ ಜನ ಇಟ್ಟಿಗೆ ಸುಟ್ಟು ಊರು ಕಟ್ಟಿದರು. ಒಂದಾನೊಂದು ಕಾಲದಲ್ಲಿ ಈಜಿಪ್ಟು ಅನ್ನೋ ಮರಳಿನ ದೇಶದ ರಾಜರು ಕಲ್ಲಿನ ಮೇಲೆ ಕಲ್ಲಿಟ್ಟು ಬೆಟ್ಟದಂಥ ಗೋರಿ ಕಟ್ಟಿಸಿದರು. ಒಂದಾನೊಂದು ಕಾಲದಲ್ಲಿ ಅಶೋಕ ಅನ್ನೋ ಚಕ್ರವರ್ತಿ ಬಂಡೆಗಳ ಮೇಲೆ ಒಳ್ಳೇ ಮಾತು ಕೆತ್ತಿಸಿದ. ಮಕ್ಕಳು ಬಾಯಿಬಿಟ್ಟುಕೊಂಡು ಕೇಳಿದ್ದೇ ಕೇಳಿದ್ದು.

ಆಮೇಲೆ ಒಂದು ಹುಣ್ಣಿಮೆ ದಿನ ಅರಮನೆಯ ಪಾರುಪತ್ತೇದಾರ ಬಂದನಂತೆ. ರಾಜರ ಪರವಾಗಿ ಊರೂರು ನೋಡಿಕೊಂಡು ಬರೋ ಅಧಿಕಾರಿ ಅವನು. ಅವನಿಗೆ ಆ ಮಂಟಪದ ಮೇಲೆ ಮೊದಲಿಂದಲೂ ಕಣ್ಣು, ತನ್ನ ಕುದುರೆಗಳಿಗೆ ಲಾಯ ಮಾಡಿಕೊಳ್ಳೋ ಆಸೆ. ಬಂದವನು ಗತ್ತಿನಿಂದ, ಏನ್ರೋ, ಇಟ್ಟಿಗೆ ಊರು ಯಾವಾಗ ಕಟ್ಟಿದ್ದು, ಅಂದನಂತೆ. ಹದಿನೆಂಟೂ ಮಕ್ಕಳು ಒಂದೇ ಉಸಿರಿಗೆ, ಒಂದಾನೊಂದು ಕಾಲದಲ್ಲಿ! ಕಲ್ಲುಗೋರಿ ಯಾವಾಗ ಕಟ್ಟಿದ್ದು? ಒಂದಾನೊಂದು ಕಾಲದಲ್ಲಿ! ಬಂಡೆ ಮೇಲೆ ಕೆತ್ತಿಸಿದ್ದು ಯಾವಾಗ? ಇನ್ನೂ ಜೋರಾಗಿ, ಒಂದಾನೊಂದು ಕಾಲದಲ್ಲಿ! ಹಾಗಾದ್ರೆ ಮೂರೂ ಒಂದೇ ಕಾಲದಲ್ಲೋ, ಅಂತ ಪಾರುಪತ್ತೇದಾರ ಕೇಳಿದ್ದಕ್ಕೆ ಕುರುಬರ ಬೈರ ಎದ್ದು ನಿಂತು, ಹೂಂ ಬುದ್ಧೀ, ಎಲ್ಲಾರೂ ಅಕ್ಕಪಕ್ಕದ ಮನೆಯೋರು, ಅಂದನಂತೆ.

ಐಗಳ ಮುಖ ಸಣ್ಣಗಾಯಿತಂತೆ. ಪಾರುಪತ್ತೇದಾರ ಕಂಬ ತಟ್ಟಿ ನೋಡಿ, ಕುದುರೆ ಕಟ್ಟೋಕೆ ಹೇಳಿ ಮಾಡಿಸಿದ ಹಾಗಿದೆ, ಬರೋ ಹುಣ್ಣಿಮೆಗೆ ಇನ್ನೊಂದು ಸಲ ಬರ್ತೀನಿ, ಅಂತ ಹೊರಟುಹೋದನಂತೆ.

ಐಗಳಿಗೆ ಆವಾಗ ತಪ್ಪು ತಿಳೀತಂತೆ. ಕತೆ ಹೇಳಿದೆ, ಕಾಲ ಹೇಳಲಿಲ್ಲ. ಮಾರನೇ ದಿನದಿಂದ ಮಗ್ಗಿ ಹೇಳಿಸಿದ ಹಾಗೆ ವರ್ಷಗಳನ್ನ ಬಾಯಿಪಾಠ ಮಾಡಿಸಿದರಂತೆ. ಇಟ್ಟಿಗೆ ಊರು ನಾಲ್ಕೂವರೆ ಸಾವಿರ, ಅಶೋಕನ ಬಂಡೆ ಎರಡೂಕಾಲು ಸಾವಿರ, ಅಂತ ಮಕ್ಕಳು ತಲೆ ಆಡಿಸಿಕೊಂಡು ಕೂಗಿದ್ದು ಕೆರೆಯಾಚೆಗೂ ಕೇಳಿಸುತ್ತಿತ್ತಂತೆ.

ಹುಣ್ಣಿಮೆ ಬಂತು, ಪಾರುಪತ್ತೇದಾರನೂ ಬಂದ. ಕೇಳಿದ್ದಕ್ಕೆಲ್ಲ ಮಕ್ಕಳು ಪಟಪಟ ವರ್ಷ ಹೇಳಿಬಿಟ್ಟರಂತೆ. ಅವನ ಮುಖ ಇಳಿದುಹೋಯಿತು, ಐಗಳು ಉಸ್ಸಪ್ಪಾ ಅಂದುಕೊಂಡರು. ಹೊರಡೋಕೆ ಅಂತ ಎದ್ದವನು ತಿರುಗಿ ಕೆಂಚಿಯನ್ನ ನೋಡಿ, ಮಗೂ, ನಾಲ್ಕೂವರೆ ಸಾವಿರ ವರ್ಷ ಅಂದ್ರೆ ಎಷ್ಟು, ಅಂದನಂತೆ. ಕೆಂಚಿ ಯೋಚನೆ ಮಾಡಿ, ತುಂಬ, ಅಂದಳು. ತುಂಬ ಅಂದ್ರೆ, ಆಗ ನಿಮ್ಮಜ್ಜ ಇದ್ದನಾ? ಇದ್ದ ಬುದ್ಧೀ, ಆ ಇಟ್ಟಿಗೆ ಸುಟ್ಟೋನೇ ನಮ್ಮಜ್ಜ, ಸುಟ್ಟೂ ಸುಟ್ಟೂ ಕೈಯೆಲ್ಲ ಬೊಬ್ಬೆ ಎದ್ದಿತ್ತಂತೆ ಪಾಪ, ಅಂದಳಂತೆ ಕೆಂಚಿ. ಪಾರುಪತ್ತೇದಾರ ರುಮಾಲು ಜಾರೋ ಹಾಗೆ ನಕ್ಕನಂತೆ. ಗಿಣಿಗೆ ಮಾತು ಕಲಿಸಿದ್ದೀರಿ ಐಗಳೇ, ಬರೋ ಹುಣ್ಣಿಮೆಗೆ ರಾಜರೇ ಬರ್ತಾರೆ, ಅವತ್ತು ಅವರ ಹಿಂದೆಯೇ ನನ್ನ ಕುದುರೆಗಳೂ ಬರ್ತಾವೆ, ಅಂದನಂತೆ.

ಮನೆಗೆ ಬಂದ ಐಗಳು ಮಧ್ಯಾಹ್ನದ ಮುದ್ದೆ ಮುಟ್ಟಲಿಲ್ಲವಂತೆ. ಜಗಲಿಯ ಕಂಬಕ್ಕೆ ಒರಗಿ ಕೂತು, ಶಿವನೇ, ಮಠ ಮುಚ್ಚಿದರೆ ಈ ಹದಿನೆಂಟು ಮಕ್ಕಳು ನಾಳೆಯಿಂದ ದನದ ಹಿಂದೆ ಹೋಗ್ತಾವೆ, ಕೆಂಚಿಯ ಪ್ರಶ್ನೆಗೆ ಉತ್ತರ ಕೊಡೋರು ಯಾರು, ಅಂತ ಒಳಗೊಳಗೇ ಕೊರಗಿದರಂತೆ. ಮಗು ಸುಳ್ಳು ಹೇಳಲಿಲ್ಲ, ಸಾವಿರ ಅನ್ನೋದು ಅದಕ್ಕೆ ಬರೀ ಒಂದು ಸದ್ದು, ಅಷ್ಟೇ ತಾನೇ, ಅಂತ ಅವರಿಗೆ ಅನ್ನಿಸಿತಂತೆ.

ಜಗಲಿಯ ಇನ್ನೊಂದು ಕೊನೆಯಲ್ಲಿ ಅವರ ತಾಯಿ ನಿಂಗಜ್ಜಿ ಸಂಜೆಯ ಪೂಜೆಗೆ ಬಾಳೆನಾರಲ್ಲಿ ಮಲ್ಲಿಗೆ ಮೊಗ್ಗು ಕಟ್ಟುತ್ತಾ ಮೊಮ್ಮಗಳು ಗುಬ್ಬಿಗೆ ನರಿಯ ಕತೆ ಹೇಳುತ್ತಿದ್ದಳಂತೆ. ಗುಬ್ಬಿ, ಅಜ್ಜೀ, ನಿಂಗೆ ಈ ಕತೆ ಯಾರು ಹೇಳಿದ್ದು, ಅಂದಳಂತೆ. ನಮ್ಮಜ್ಜಿ ಕಣೇ. ಅವಳಿಗೆ? ಅವಳಜ್ಜಿ. ಅವಳಿಗೆ? ಅವಳಜ್ಜಿ. ಅವಳಿಗೆ? ಅಯ್ಯೋ ಮುಂಡೇದೆ, ಅವಳಿಗೆ ಅವಳಜ್ಜಿ, ಬಿಡು, ಮೊಗ್ಗು ಎಣಿಸೋಕೂ ಬಿಡಲ್ಲ ಇದು, ಅಂತ ನಿಂಗಜ್ಜಿ ನಾರು ಎಳೆದು ಇನ್ನೊಂದು ಮೊಗ್ಗು ಬಿಗಿದಳಂತೆ.

ಐಗಳು ಆ ಮಾಲೆಯನ್ನೇ ನೋಡುತ್ತಾ ನೋಡುತ್ತಾ ದಡಕ್ಕನೆ ಎದ್ದು ಕೂತರಂತೆ. ಅವ್ವಾ, ಒಂದು ಮೊಗ್ಗು ಒಬ್ಬಳು ಅಜ್ಜಿ! ಅಜ್ಜಿಗೂ ಮೊಮ್ಮಗಳಿಗೂ ನಡುವೆ ಹೆಚ್ಚುಕಮ್ಮಿ ಐವತ್ತು ವರ್ಷ! ಇಪ್ಪತ್ತು ಅಜ್ಜಿ ಹಿಂದಕ್ಕೆ ಹೋದ್ರೆ ಸಾವಿರ ವರ್ಷ! ಅಂತ ಕೂಗಿದರಂತೆ. ನಿಂಗಜ್ಜಿ ಮಗನ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲ ಸದ್ಯ, ಮೊದಲು ಉಣ್ಣು, ಆಮೇಲೆ ಎಷ್ಟು ಅಜ್ಜೀರು ಬೇಕೋ ಎಣಿಸು, ಅಂದಳಂತೆ.

ಮಾರನೇ ದಿನ ಮಂಟಪದಲ್ಲಿ ಪಾಠವೇ ಬೇರೆ. ಹದಿನೆಂಟು ಮಕ್ಕಳೂ ಕೈ ಕೈ ಹಿಡಿದು ಸಾಲಾಗಿ ನಿಂತರಂತೆ. ಮೊದಲನೆಯವಳು ಇವತ್ತಿನ ಮಗುವಿನ ಅಜ್ಜಿ, ಎರಡನೆಯವನು ಅವಳ ಅಜ್ಜಿ, ಮೂರನೆಯವಳು ಅವನ ಅಜ್ಜಿ. ಬೈರನಿಗೂ ಸೆರಗು ಹೊದಿಸಿದ್ದಾಯ್ತು. ಹದಿನೆಂಟಕ್ಕೆ ಒಂಬೈನೂರು ವರ್ಷ ಆಯ್ತು, ಅಲ್ಲಿಗೆ ಸಾಲು ಮುಗೀತು. ಕೆಂಚಿ ಕಣ್ಣರಳಿಸಿ, ಐಗಳೇ, ಇನ್ನೂ ಅಶೋಕನೇ ಬಂದಿಲ್ಲ, ಆಗಲೇ ಅಜ್ಜೀರು ಖಾಲಿ ಆದ್ರು, ಅಂದಳಂತೆ. ಹಾಗಾದ್ರೆ ಇಟ್ಟಿಗೆ ಊರು ಇನ್ನೂ ಎಷ್ಟು ದೂರ! ನಮ್ಮಜ್ಜ ಅಲ್ಲಿ ಇರೋಕೇ ಆಗಲ್ಲ! ಅಂತ ಕೈಯನ್ನ ಬಾಯಿ ಮೇಲಿಟ್ಟುಕೊಂಡಳಂತೆ. ಐಗಳಿಗೆ ಕಣ್ಣು ಒದ್ದೆಯಾಯಿತಂತೆ. ಅವಳಿಗೆ ತಿಳಿದುಹೋಗಿತ್ತು.

ಆಮೇಲೆ ಮಕ್ಕಳು ಮನೆಮನೆಗೂ ಹೋಗಿ, ಅಜ್ಜೀರು ಬೇಕು, ಬನ್ನಿ ಬನ್ನಿ, ಅಂತ ಕರೆದರಂತೆ. ದಪ್ಪ ಮೀಸೆಯ ಊರಗೌಡ, ನಾನು ಅಜ್ಜಿ ಆಗಬೇಕಾ, ಅಂತ ಸಿಡುಕಿದನಂತೆ. ಗೌಡತಿ, ಒಂದು ದಿನ ಆಗಿ ನೋಡಿ, ಸೊಂಟನೋವು ಅಂದ್ರೆ ಏನು ಅಂತ ಗೊತ್ತಾಗುತ್ತೆ, ಅಂದಳಂತೆ. ಗೌಡ ತೆಪ್ಪಗೆ ಸೆರಗು ಹೊದ್ದುಕೊಂಡ. ದೊಡ್ಡವರು ಚಿಕ್ಕವರು ಎಲ್ಲ ಸೇರಿ ಎಣಿಸಿದರೆ ಗುಬ್ಬಿಯನ್ನ ಬಿಟ್ಟು ಸರಿಯಾಗಿ ನೂರು ಜನ. ನೂರು ಅಜ್ಜಿ ಅಂದ್ರೆ ಐದು ಸಾವಿರ ವರ್ಷ, ಎರಡು ನದಿಗಳ ನಡುವಿನ ದೂರದ ದೇಶದಲ್ಲಿ ಜನ ಹಸಿಜೇಡಿಯ ಹಲಗೆ ಮೇಲೆ ಮೊದಮೊದಲು ಬರೆಯೋಕೆ ಕಲಿತ ಕಾಲ. ಐಗಳು ಕೈಮುಗಿದು, ಸಾಕು ಶಿವನೇ, ನೂರು ಸಾಕು, ಅಂದರಂತೆ.

ಮೂರನೇ ಹುಣ್ಣಿಮೆ ಬಂತು. ಬೆಳಗ್ಗೆಯೇ ಮಂಟಪದಿಂದ ಕೆರೆ ಏರಿಯ ತನಕ ಊರೆಲ್ಲ ಕೈ ಹಿಡಿದು ನಿಂತಿತಂತೆ. ಈ ತುದಿಯಲ್ಲಿ ಇವತ್ತಿನ ಮಗುವಾಗಿ ಗುಬ್ಬಿ, ಅವಳ ಕೈ ಹಿಡಿದು ಮೊದಲನೇ ಅಜ್ಜಿಯಾಗಿ ನಿಂಗಜ್ಜಿ. ಇಪ್ಪತ್ತನೆಯವನು ಗೌಡ. ತೊಂಬತ್ತನೆಯವಳು ಕೆಂಚಿ. ತೊಂಬತ್ತೊಂಬತ್ತನೆಯವರು ಐಗಳೇ. ನೂರನೆಯವಳು ಊರ ಸೂಲಗಿತ್ತಿ ಹೊನ್ನಜ್ಜಿ, ಅವಳ ಕೈಯಲ್ಲಿ ಆ ಕಾಲದ ಗುರುತಿಗೆ ಒಂದು ಜೇಡಿಹಲಗೆ. ರಾಜನ ಕಹಳೆ ಕೇಳಿಸೋ ಹೊತ್ತಿಗೆ ಸರಿಯಾಗಿ ಪಕ್ಕದ ಹಟ್ಟಿಯಿಂದ ಒಬ್ಬ ಓಡಿಬಂದು, ಹೊನ್ನಜ್ಜೀ, ಸೊಸೆಗೆ ನೋವು ಬಂದಿದೆ, ಬಾ ತಾಯಿ, ಅಂದನಂತೆ. ಹೊನ್ನಜ್ಜಿ, ಹುಟ್ಟೋ ಕೂಸು ಕಾಯಲ್ಲ ಐಗಳೇ, ಅಂತ ಅವರ ಕೈ ಬಿಡಿಸಿಕೊಂಡು ಹೊರಟೇಬಿಟ್ಟಳಂತೆ. ಜೇಡಿಹಲಗೆ ಒಂದೇ ಏರಿಯ ಮೇಲೆ ಉಳೀತು. ಐಗಳ ಎಡಗೈ ಗಾಳಿಯಲ್ಲಿ ಹಾಗೇ ಚಾಚಿಕೊಂಡಿತ್ತಂತೆ.

ರಾಜ ಕುದುರೆ ಇಳಿದು ಗುಬ್ಬಿಯ ಹತ್ತಿರದಿಂದ ನಡೆಯೋಕೆ ಶುರುಮಾಡಿದನಂತೆ. ಇದೇನು ಅಂತ ಕೇಳಿದ್ದಕ್ಕೆ ನಿಂಗಜ್ಜಿ ಎಲ್ಲ ಬಿಡಿಸಿ ಹೇಳಿದಳಂತೆ. ಒಂದು, ಎರಡು, ಮೂರು ಅಂತ ಎಣಿಸಿಕೊಂಡು ಹೋಗಿ ಇಪ್ಪತ್ತಕ್ಕೆ ನಿಂತ. ಅಜ್ಜೀ, ನಿನ್ನ ಮೀಸೆ ಚೆನ್ನಾಗಿದೆ, ಅಂದನಂತೆ. ಗೌಡ ಸೆರಗಿನೊಳಗಿಂದ, ಎಲ್ಲಾ ತಮ್ಮ ಆಶೀರ್ವಾದ ಮಾಸ್ವಾಮಿ, ನನ್ನ ಕಾಲದಲ್ಲೇ ತಮ್ಮ ರಾಜಧಾನಿಯ ದೊಡ್ಡ ದೇವಸ್ಥಾನ ಕಟ್ಟಿದ್ದು, ಅಂದನಂತೆ. ರಾಜ ಹಿಂದಕ್ಕೆ ತಿರುಗಿ ಗುಬ್ಬಿಯನ್ನ ನೋಡಿದನಂತೆ, ಮತ್ತೆ ಗೌಡನನ್ನ ನೋಡಿದನಂತೆ. ಇಷ್ಟು ಹತ್ತಿರಾನಾ, ಇಪ್ಪತ್ತು ಅಜ್ಜೀರ ಆಚೆ, ಅಷ್ಟೇನಾ, ಅಂತ ತನ್ನಲ್ಲೇ ಅಂದುಕೊಂಡನಂತೆ.

ನಲವತ್ತೈದಕ್ಕೆ ಅಶೋಕನ ಬಂಡೆ ಅಂತ ಇಟ್ಟಿದ್ದ ಒಂದು ಕಲ್ಲು ಸಿಕ್ಕಿತು. ತೊಂಬತ್ತಕ್ಕೆ ಹೋದರೆ ಕೆಂಚಿಯ ಪಾದದ ಹತ್ತಿರ ಒಂದು ಇಟ್ಟಿಗೆ, ಪಕ್ಕದಲ್ಲೇ ಕಲ್ಲುಗೋರಿಯ ಹಾಗೆ ಸಣ್ಣ ಕಲ್ಲುಗುಪ್ಪೆ. ಪಾರುಪತ್ತೇದಾರ ನಡುವೆ ಬಾಯಿ ಹಾಕಿ, ಇಟ್ಟಿಗೆ ಮೊದಲೋ ಕಲ್ಲುಗೋರಿ ಮೊದಲೋ, ಹೇಳು ನೋಡೋಣ, ಅಂದನಂತೆ. ಕೆಂಚಿ ಈ ಸಲ ಉಸಿರು ತಗೊಂಡು, ಎರಡೂ ನನ್ನ ಕಾಲದವೇ ಬುದ್ಧೀ, ಇಲ್ಲಿ ನಮ್ಮೋರು ಇಟ್ಟಿಗೆ ಸುಡ್ತಿದ್ರು, ಅಲ್ಲಿ ಅವರು ಕಲ್ಲು ಎಳೀತಿದ್ರು, ಇಬ್ಬರ ಬೆನ್ನಿಗೂ ಒಂದೇ ಬಿಸಿಲು, ಅಂದಳಂತೆ. ರಾಜ ಭೇಷ್ ಅಂದ.

ಕೊನೆಗೆ ಏರಿ ಮೇಲೆ ಬಂದರೆ ಐಗಳ ಕೈ ಖಾಲಿ. ಪಾರುಪತ್ತೇದಾರ, ತೊಂಬತ್ತೊಂಬತ್ತು! ಐವತ್ತು ವರ್ಷ ಕಡಿಮೆ! ಮಹಾಸ್ವಾಮಿ, ಪಾಠ ತಪ್ಪು, ಮಠ ಮುಚ್ಚೋದೇ ಸರಿ, ಅಂತ ಹಿಗ್ಗಿ ಕೂಗಿದನಂತೆ. ದೂರದಲ್ಲಿ ಅವನ ಕುದುರೆಗಳು ಕೆನೆಯೋದು ಕೇಳಿಸುತ್ತಿತ್ತು.

ಆಗ ಕೆಂಚಿ, ಕೈ ಬಿಡದೆ, ನಿಂತಲ್ಲಿಂದಲೇ, ಮಾಸ್ವಾಮೀ, ನೀವೇ ನಿಂತ್ಕೊಳ್ಳಿ! ತಲೆ ಮೇಲೆ ಸೆರಗು ಹಾಕ್ಕೊಳ್ಳೋದು ಮರೀಬೇಡಿ! ಅಂತ ಕೂಗಿದಳಂತೆ. ರಾಜನಿಗೆ ಅಜ್ಜಿ ಆಗು ಅಂದುಬಿಟ್ಟಿದೆ ಹುಡುಗಿ! ಐಗಳು ಕಣ್ಣು ಮುಚ್ಚಿ, ತಪ್ಪೆಲ್ಲ ನನ್ನ ಮೇಲಿರಲಿ ಶಿವನೇ, ಅಂದುಕೊಂಡರಂತೆ. ಅಷ್ಟರಲ್ಲಿ ಅವರ ಎಡಗೈಗೆ ಉಂಗುರಗಳ ತಣ್ಣನೆಯ ಒಂದು ಕೈ ಬಂದು ಸೇರಿತಂತೆ. ಕಣ್ಣು ಬಿಟ್ಟರೆ, ರಾಜ ಕಿರೀಟ ತೆಗೆದು ಪಾರುಪತ್ತೇದಾರನ ಕೈಗೆ ಕೊಟ್ಟು, ಜರಿಯ ಶಲ್ಯವನ್ನ ತಲೆ ಮೇಲೆ ಹೊದ್ದು, ಜೇಡಿಹಲಗೆ ಎತ್ತಿಕೊಂಡು ನಿಂತಿದ್ದಾನೆ.

ಅಲ್ಲಿಂದ ನೋಡಿದರೆ ಮಂಟಪದ ಹತ್ತಿರ ಗುಬ್ಬಿ ಸಾಸಿವೆಕಾಳಿನಷ್ಟು ಕಾಣುತ್ತಿದ್ದಳಂತೆ. ರಾಜ ಆ ಸಾಲನ್ನ ಈ ತುದಿಯಿಂದ ಆ ತುದಿಗೆ ಕಣ್ಣಲ್ಲೇ ಅಳೆದನಂತೆ. ಆಮೇಲೆ, ಐಗಳೇ, ಇನ್ನು ಯಾರು ಎಲ್ಲಿ ಬೇಕಾದರೂ ಕೇಳಲಿ, ನನಗೆ ಗೊತ್ತು, ಅಂದನಂತೆ. ಅಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಆ ತುತ್ತು ಅವತ್ತು ಇಳೀತು ನೋಡು. ಐಗಳಿಗೂ ಅಷ್ಟೇ, ಎದೆ ಮೇಲಿಂದ ಒರಳುಕಲ್ಲು ಇಳಿಸಿದ ಹಾಗಾಯಿತಂತೆ.

ಅಷ್ಟು ಹೊತ್ತಿಗೆ ಹೊನ್ನಜ್ಜಿ ಕೈ ಒರೆಸಿಕೊಂಡು ಬಂದು, ಹೆಣ್ಣು ಕೂಸು ಕಣ್ರಪ್ಪಾ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಅಂದವಳು ರಾಜನನ್ನ ಮೇಲಿಂದ ಕೆಳಗೆ ನೋಡಿ, ನೀನು ಯಾರಪ್ಪ, ನನ್ನ ಜಾಗದಲ್ಲಿ, ಅಂದಳಂತೆ. ನಾನು ನೂರನೇ ಅಜ್ಜಿ ಕಣವ್ವ, ಅಂದನಂತೆ ರಾಜ. ಊರೆಲ್ಲ ನಕ್ಕಿತು. ಆದರೆ ಈ ಸಲದ ನಗುವಿಗೆ ರಾಜನೂ ಸೇರಿಕೊಂಡನಂತೆ.

ಆಮೇಲೆ ಮಂಟಪ ಎಂದೆಂದಿಗೂ ಮಕ್ಕಳದ್ದೇ ಅಂತ ರಾಜ ಕಲ್ಲಿನ ಮೇಲೆ ಕೆತ್ತಿಸಿಕೊಟ್ಟನಂತೆ, ಯಾವ ವರ್ಷ ಅನ್ನೋದನ್ನ ಮರೆಯದೆ ಹಾಕಿಸಿದನಂತೆ. ಕುದುರೆಗಳು ಬಂದ ದಾರೀಲೇ ವಾಪಸ್ ಹೋದವು. ಪಾರುಪತ್ತೇದಾರ ಒಂದು ತಿಂಗಳು ಮಕ್ಕಳ ಜೊತೆ ಕೂತು ಅಜ್ಜೀರನ್ನ ಎಣಿಸೋದು ಕಲಿತನಂತೆ, ಕೆಂಚಿಯೇ ಕಲಿಸಿದ್ದಂತೆ. ಐಗಳು ಅವತ್ತು ಮನೆಗೆ ಹೋಗಿ ದೇವರಿಗೆ ದೀಪ ಹಚ್ಚಿ ಎರಡು ಮುದ್ದೆ ಉಂಡರಂತೆ.

ಏನಂದೆ? ಈ ಕತೆ ಎಷ್ಟು ಅಜ್ಜೀರ ಹಿಂದಿನದು ಅಂತಲಾ? ಕಳ್ಳಿ, ಇನ್ನೂ ಎಚ್ಚರಾಗೇ ಇದ್ದೀಯ. ನಂಗೆ ನಮ್ಮಜ್ಜಿ ಹೇಳಿದ್ದು, ಅವಳಿಗೆ ಅವಳಜ್ಜಿ. ಅಲ್ಲಿಂದಾಚೆಗೆ ನೀನೇ ಎಣಿಸಿಕೊಂಡು ಹೋಗು, ಕಣ್ಣು ಮುಚ್ಚಿಕೊಂಡು. ಕೈ ಇಲ್ಲಿ ಕೊಡು, ಮೊದಲನೇ ಅಜ್ಜಿ ನಾನೇ. ಹೂಂ, ಹಾಗೆ. ಕತೆ ಮುಗೀತು, ಕೈ ಮಾತ್ರ ಬಿಡಬೇಡ.