ಗಂಗವ್ವನ ಉಡಿ ಬಿಚ್ಚಿದ ಬಾಳವ್ವ

ಹಿಂದಕ, ಯಾವ ಕಾಲಂತ ಕೇಳಬ್ಯಾಡ್ರಿ, ಹೊಳಿದಂಡಿ ಮ್ಯಾಲ ಒಂದೂರು. ಆ ಊರಾಗ ಅಂಬಿಗೇರ ಬಾಳವ್ವ ಅಂತ ಒಬ್ಬಾಕಿ ಇದ್ಲಂತ. ಗಂಡ ಹೊಳ್ಯಾಗ ಮೀನಿನ ಬಲಿ ಬೀಸಾಂವ, ಈಕಿ ಮೀನು ಕೊಯ್ದು ಸಂತಿಗೆ ಒಯ್ಯಾಕಿ. ಆಕಿ ಈಳಿಗಿ ಮುಂದ ಕುಂತ್ರ ಹದ್ದು ಸೈತ ಗಿರಕಿ ಹೊಡಿಯೋದು ಬಿಟ್ಟು ಗಿಡದ ಮ್ಯಾಲ ಕುಂತು ನೋಡ್ತಿದ್ವಂತ. ನಾ ನೋಡಿಲ್ಲ, ಸುಳ್ಳ್ಯಾಕ ಹೇಳ್ಲಿ? ನಮ್ಮವ್ವ ಹೇಳ್ತಿದ್ಲು.

ಆ ಊರಿನ ಪದ್ಧತಿ ಒಂದೈತಿ. ಮಳಿ ಹಿಂದಾಗಿ ಹೊಳಿ ತಿಳಿಯಾದ ಮ್ಯಾಲ ಹೊಳಿತಾಯಿ ಗಂಗವ್ವಗ ಉಡಿ ಕೊಟ್ಟ ಮ್ಯಾಲನ ನೀರಿಗೆ ಬಲಿ ಬಿಡಬೇಕು. ಅಕ್ಕಿ, ಅರಿಷಿಣ, ಕುಂಕುಮ, ಕೊಬ್ಬರಿ, ಖಣ. ಮೊದಲು ಮುತ್ತಲ ಎಲ್ಯಾಗ ಇಟ್ಟು ಬಿಡ್ತಿದ್ರು. ಆಮ್ಯಾಲ ಪ್ಲಾಸ್ಟಿಕ್ ಚೀಲ ಬಂದ್ವು ನೋಡ್ರಿ. ಕುಂಕುಮ ತೊಯ್ಯೂದಿಲ್ಲ, ಖಣದ ಬಣ್ಣ ಹೋಗೂದಿಲ್ಲ, ತಾಯಿಗೆ ಇದ್ದದ್ದು ಇದ್ದಂಗ ಮುಟ್ಟತೈತಿ ಅಂತ ಎಲ್ಲಾರೂ ಚೀಲದಾಗ ಹಾಕಿ, ಗಂಟು ಹೊಡದು ಎಸಿಯಾಕ ಹತ್ತಿದ್ರು. ಗಂಟು ಹಾಕಿದ ಉಡಿ ಬಿಚ್ಚಿದ್ರ ಮನಿತನಕ್ಕ ಕೇಡು ಅಂತ ಬ್ಯಾರೆ ಮಾತು.

ಬರಬರತ ಮೀನು ಬಡಕಲಾದ್ವು. ಹೊಟ್ಟಿ ಹಲಗಿಯಂಗ ಬಿಗಿ, ಬೆನ್ನಾಗ ಮಾಂಸ ಇಲ್ಲ. ಬಾಳವ್ವ ಕೊಯ್ದು ನೋಡಿದ್ರ ಕರಳಿನ ತುಂಬ ಪ್ಲಾಸ್ಟಿಕ್ ಚೂರು, ಅಕ್ಕಿ ನುಚ್ಚಿನಷ್ಟು ಸಣ್ಣವು. ಕೆಲವು ಕಣ್ಣಿಗೆ ಕಾಣ್ತಿರ್ಲಿಲ್ಲ, ಬೆರಳಿಗೆ ಹತ್ತತಿದ್ವು ಅಷ್ಟ. ಕರಳಿನ ಒಳಮೈ ಕೆಂಪಗ ಹುಣ್ಣಾಗಿತ್ತು. ತಿಂದದ್ದು ಮೈಗೆ ಹತ್ತೂದಾದ್ರೂ ಹೆಂಗ? ಹೊಟ್ಟಿ ತುಂಬಿದ ಮೀನು ಉಪವಾಸ ಸಾಯ್ತಿದ್ವು. ಆವತ್ತು ಆಕಿ ಈಳಿಗಿ ಬಿಟ್ಟು ಅತ್ಲಂತ.

ಕುಲದ ಹಿರ್ಯಾ ಯಂಕಪ್ಪ, ಬಾಳವ್ವನ ಮಾವ. ಅಂವ ಎಲ್ಲಾರನೂ ಕೂಡಿಸಿ, ಗಂಗವ್ವ ಮುನಿಸಿಕೊಂಡಾಳ, ಈ ಸಲ ಮನಿಗೆ ಎರಡೆರಡು ಉಡಿ ಅಂದ. ಅಷ್ಟಾಗೂ ಮೀನು ಸುಧಾರಿಸದಿದ್ರ ಬಲಿ ಮಾರಿ ಊರು ಬಿಡೋದು ಅಂದ. ಬಾಳವ್ವ ಕೈಮುಗದು, ಬ್ಯಾಡ್ರಿ, ಆ ಚೀಲಗೋಳ ಮೀನ ಕೊಲ್ಲಾಕ ಹತ್ಯಾವು ಅಂದ್ಲಂತ. ಯಂಕಪ್ಪ ಕೆಂಡಾದ. ಉಡಿಗೆ ಕೈ ಹಚ್ಚಿದ್ರ ನನ್ನ ಹೊಸ್ತಿಲಾ ತುಳಿಬ್ಯಾಡ ಅಂದ. ಗಂಡ? ಗಂಡ ನೆಲ ನೋಡ್ಕೊಂತ ಕುಂತ. ಅಪ್ಪನ ಮುಂದ ಅಂವಗ ಬಾಯಿ ಎಲ್ಲಿಂದ ಬರಬೇಕು!

ಉಡಿ ಕೊಡೋ ದಿನ ಊರಿಗಿಂತ ಮೊದಲು ಬಾಳವ್ವ ಹೊಳಿಗಿಳಿದು ಎದಿಮಟ ನೀರಾಗ ನಿಂತ್ಲಂತ. ಎಸೆದ ಉಡಿ ಹಿಡಿಯೋದು, ಗಂಟು ಬಿಚ್ಚೋದು. ಅಕ್ಕಿ ಕುಂಕುಮ ನೀರಿಗೆ, ಚೀಲ ತನ್ನ ನಡಕ್ಕ. ಹೆಣ್ಮಕ್ಕಳು ಬಾಯಿಗೆ ಬಂದಂಗ ಬೈದ್ರು. ಒಬ್ಬಾಕಿ ಮಣ್ಣು ತೂರಿದ್ಲು. ಥಂಡಿಗೆ ಬಾಳವ್ವನ ತುಟಿ ನೀಲಿಗಟ್ಟಿದ್ವಂತ, ಕೈ ಮಾತ್ರ ನಿಲ್ಲಲಿಲ್ಲಂತ.

ಕಡೀಕ ಯಂಕಪ್ಪ ಬಂದ, ತನ್ನ ಉಡಿ ಹಿಡಕೊಂಡು. ಸತ್ತು ತೇಲಿ ಬಂದಿದ್ದ ದೊಡ್ಡದೊಂದು ಕಟ್ಲಾ ಮೀನ ದಂಡಿಗೆ ಎಳಕೊಂಡು ಬಂದು, ಬಾಳವ್ವ ಅವನ ಕಾಲ ಮುಂದ ಈಳಿಗಿ ಇಟ್ಟು ಸೀಳಿದ್ಲು. ಕರಳಾಗಿಂದ ಚೀಲದ ತುದಿ ಬಂತು. ಹಾಕಿದ ಗಂಟು ಹಂಗ ಇತ್ತು, ಗಂಟಿನೊಳಗ ಚಿಟಿಕಿ ಕುಂಕುಮ ಇನ್ನೂ ಒಣಾದ್ದ ಇತ್ತು.

"ಮಾವಾರ, ಇದು ಹ್ವಾದ ವರ್ಷದ ಉಡಿ. ಗಂಗವ್ವಗ ಮುಟ್ಟಿಲ್ಲ, ಈ ಮೂಕಜೀವದ ಕರಳಾಗ ಕುಂತೈತಿ. ನಿಮ್ಮ ಕೈಯಾಗಿಂದು ಯಾರ ಹೊಟ್ಟಿಗ್ರಿ?"

ಯಂಕಪ್ಪ ತನ್ನ ಉಡಿ ಬಿಚ್ಚಾಕ ಹ್ವಾದ. ಕೈಯಾಗಿನ ಗಂಟು ಬಿಗಿಯಾಗಿತ್ತು, ಮುದಿ ಬೆರಳಿಗೆ ಬಿಚ್ಚಲಿಲ್ಲ. ಹಲ್ಲಿಲೆ ಕಚ್ಚಿ ಬಿಚ್ಚಿದನಂತ.

ಮೀನು ಒಮ್ಮಿಗೇ ಸುಧಾರಿಸಲಿಲ್ಲ. ಹೊಳಿ ಹಸನ ಮಾಡೋದು ಹುಡುಗಾಟ ಏನ್ರಿ? ತಲಿ ಬೆಳ್ಳಗಾಗೋತನಕ ಬಾಳವ್ವ ದಿನಾ ಹರಿಗೋಲು ಹಾಕ್ಕೊಂಡು ಚೀಲ ಆರಿಸಿದ್ಲು ಅಂತಾರ.

ಈಗೂ ಆ ಊರಾಗ ಉಡಿ ಎಲ್ಯಾಗ ಕೊಡ್ತಾರ. ಹೊಸ ಬಲಿಗೆ ಬಿದ್ದ ಮೊದಲ ಮೀನಿನ ಕರಳು ದಂಡಿ ಮ್ಯಾಲ ಸೀಳಿ, ಬೆರಳಾಡಿಸಿ ನೋಡ್ತಾರ. ಒಂದು ಪ್ಲಾಸ್ಟಿಕ್ ಚೂರು ಸಿಕ್ತೋ, ಆವತ್ತು ಯಾರ ಮನ್ಯಾಗೂ ಮೀನಿನ ಸಾರಿಲ್ಲ, ಊರಿಗೂರು ಹೊಳಿಗಿಳಿದು ಆರಿಸಬೇಕು. ಎಲ್ಲಾರಿಗಿಂತ ಮೊದಲು ನೀರಿಗಿಳಿಯಾಂವ ಯಂಕಪ್ಪನ ಮನಿತನದಾಂವ ಆಗಿರಬೇಕು.