ಹಾಲಯ್ಯಜ್ಜನವರ ಸ್ನಾನ

ಹಿರಣ್ಯಕೇಶಿ ನದಿಯ ದಂಡೆಯಲ್ಲಿ, ಹುಣಸೆಮರದ ನೆರಳಿಗೆ ಆತುಕೊಂಡಂತಿದ್ದ ಒಂದು ಹುಲ್ಲಿನ ಗುಡಿಸಲಿನಲ್ಲಿ ಪೂಜ್ಯ ಹಾಲಯ್ಯಜ್ಜನವರು ವಾಸವಾಗಿದ್ದರು. ಒಂದು ಚಾಪೆ, ಒಂದು ಕಂಬಳಿ, ಒಂದು ಮಣ್ಣಿನ ಗಡಿಗೆ, ಇಷ್ಟೇ ಅವರ ಸಂಸಾರ. ವಯಸ್ಸು ಬಹಳವಾಗಿತ್ತು. ಮಾತು ವಿರಳವಾಗಿತ್ತು. ಬಂದವರು ಅವರ ಎದುರಿಗೆ ಕುಳಿತು ಹೊಳೆಯ ಸದ್ದು ಕೇಳುತ್ತಾ ಕೇಳುತ್ತಾ ತಾವು ಹೇಳಬೇಕೆಂದಿದ್ದ ದುಃಖವನ್ನೇ ಅರ್ಧ ಮರೆಯುತ್ತಿದ್ದರಂತೆ.

ಒಂದು ಚಳಿಗಾಲದ ಸಂಜೆ, ಊರಿನ ಅಂಗನವಾಡಿ ಶಿಕ್ಷಕಿ ಕಸ್ತೂರಿ ಅಲ್ಲಿಗೆ ಬಂದಳು. ಅವಳ ತಂದೆ ಭರಮಪ್ಪ ಒಂದು ಕಾಲಕ್ಕೆ ಹೆಸರಾಂತ ಪೈಲ್ವಾನ. ಅವನು ಕಣಕ್ಕಿಳಿದರೆ ಸುತ್ತಲಿನ ಹಳ್ಳಿಗಳು ಅವನ ಮೈಕಟ್ಟು ನೋಡಲೆಂದೇ ಬರುತ್ತಿದ್ದವು. ಈಗ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಮಲಗಿದ್ದಲ್ಲೇ ಮಲಗಿ ಬೆನ್ನಿಗೆ ಹುಣ್ಣಾಗಿತ್ತು. ಹೊರಳಿಸಬೇಕು, ಹುಣ್ಣು ತೊಳೆದು ಪಟ್ಟಿ ಕಟ್ಟಬೇಕು, ಸಕ್ಕರೆ ಕಾಯಿಲೆಗೆ ಸೂಜಿ ಚುಚ್ಚಬೇಕು. ಆ ದೊಡ್ಡ ದೇಹವನ್ನು ಎತ್ತುವುದು ಕಸ್ತೂರಿ ಒಬ್ಬಳಿಂದ ಆಗದು. ಅದಕ್ಕೇ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದು ಪಳಗಿದ ದಸ್ತಗೀರನೆಂಬವನನ್ನು ಮನೆಗೆ ಗೊತ್ತುಮಾಡಿದ್ದಳು. ಭರಮಪ್ಪ ಅವನನ್ನು ಹತ್ತಿರಕ್ಕೇ ಸೇರಿಸಲಿಲ್ಲ.

"ಅಜ್ಜಾರ, ಯಾರಿಗೂ ಮೈ ಮುಟ್ಟಾಕ ಬಿಡವಲ್ಲರಿ," ಎಂದಳು ಕಸ್ತೂರಿ. "ಇವತ್ತ ದಸ್ತಗೀರಣ್ಣನ ಮ್ಯಾಲೆ ತಂಬಿಗಿ ಒಗದಾರ. ಹುಣ್ಣು ಒಳಗ ಇಳಿಯಾಕತ್ತೈತಿ, ಹಿಂಗ ಬಿಟ್ರ ಉಳಿಯಾಂಗಿಲ್ಲ ಅಂತ ಡಾಕ್ಟರ್ ಅಂದಾರ. ನೀವಾದ್ರೂ ಒಂದ ಮಾತ ಹೇಳ್ರಿ."

ಅಜ್ಜನವರು "ನಾಳೆ ಮುಂಜಾನೆ ಬರ್ತೀನಿ. ನೀರ ಕಾಸಿಡವ್ವ," ಎಂದಷ್ಟೇ ನುಡಿದರು.

ಮರುದಿನ ಊರೆಲ್ಲ ಮಂಜಿನಲ್ಲಿ ಮುಳುಗಿತ್ತು. ಪಾದಪೂಜೆಗಿರಬೇಕೆಂದು ಕಸ್ತೂರಿ ಹಂಡೆಯ ತುಂಬ ನೀರು ಕಾಸಿದ್ದಳು. ಅಜ್ಜನವರು ಮಂಜಿನೊಳಗಿಂದಲೇ ಮೂಡಿದವರಂತೆ ಬಂದರು. ಭರಮಪ್ಪ ಮಂಚದ ಮೇಲಿಂದ ತಲೆಯನ್ನೂ ಬಾಗಿಸಲಿಲ್ಲ. "ಉಪದೇಶ ಮಾಡಾಕ ಬಂದಿದ್ರ ಹೊಳ್ಳಿ ಹೋಗ್ರಿ," ಎಂದು ತೊದಲುತ್ತಾ ಹೇಳಿದನು.

ಅಜ್ಜನವರು ನಕ್ಕರು. ಮಂಚಕ್ಕೆ ನೇರವಾಗಿ ಕಾಣುವ ಅಂಗಳದ ಕಲ್ಲಿನ ಮೇಲೆ ಕುಳಿತು, ಮೈಮೇಲಿನ ಅರಿವೆ ತೆಗೆದಿಟ್ಟು, ದಸ್ತಗೀರನನ್ನು ಕರೆದರು.

"ತಮ್ಮಾ, ನನಗ ಬೆನ್ನಿಗೆ ಕೈ ಮುಟ್ಟಾಂಗಿಲ್ಲ. ಒಂದೀಟ ಮೈ ತೊಳಿ."

"ನನ್ನ ಕೈಲೇ ಏನ್ರಿ, ಅಜ್ಜಾರ?"

"ನಿನ್ನ ಕೈಲೇ."

ದಸ್ತಗೀರ ನೀರು ಹದ ಮಾಡಿ ಮೆಲ್ಲಗೆ ಹಾಕತೊಡಗಿದನು. ಹಬೆ ಎದ್ದು ಮಂಜಿನೊಡನೆ ಬೆರೆಯಿತು. ಎಳೆಬಿಸಿಲು ಅದರೊಳಗೆ ಇಳಿದು ಅಂಗಳವೆಲ್ಲ ಹಾಲಿನ ಬಣ್ಣವಾಯಿತು. ಎಣಿಸಬಹುದಾದಂಥ ಎಲುಬು, ಜೋತುಬಿದ್ದ ಚರ್ಮ, ನಡುಗುವ ತೋಳು. ಎತ್ತೆಂದರೆ ಕೈ ಎತ್ತುತ್ತಾ, ಬಾಗೆಂದರೆ ಬಾಗುತ್ತಾ, ಅಜ್ಜನವರು ತಾಯಿಯ ಕಾಲಮೇಲೆ ಮಲಗಿದ ಕೂಸಿನಂತೆ ಕಣ್ಣು ಮುಚ್ಚಿದ್ದರು. ಬೀದಿಯಲ್ಲಿ ಜನ ಹಾದುಹೋದರು. ಅಜ್ಜನವರು ಯಾವುದನ್ನೂ ಮುಚ್ಚಿಕೊಳ್ಳಲಿಲ್ಲ.

ಭರಮಪ್ಪ ರೆಪ್ಪೆ ಬಡಿಯದೆ ನೋಡುತ್ತಿದ್ದನು. ಸೋತ ಮೈಯನ್ನು ಇನ್ನೊಬ್ಬರು ಕಾಣುವುದು ಸಾವಿಗಿಂತ ಕೀಳೆಂದು ತಿಳಿದಿದ್ದ ಮನುಷ್ಯ ಅವನು. ಕಡೆಗೆ ತಡೆಯಲಾರದೆ ಕೇಳಿದನು:

"ಅಜ್ಜಾ, ನಿಮಗ ನಾಚಿಕಿ ಬರಂಗಿಲ್ಲೇನು?"

ಅಜ್ಜನವರು ಕಣ್ಣು ತೆರೆಯದೆಯೇ ನುಡಿದರು: "ಮೈ ನಂದಾಗಿದ್ರ ಬರ್ತಿತ್ತು, ಭರಮಪ್ಪ. ಕೊಟ್ಟಾತ ತನ್ನದನ್ನ ತಾನ ತೊಳಕೊಳ್ಳಾಕತ್ತಾನ. ನಡುವ ನಾ ಯಾರು, ನೀ ಯಾರು?"

ದಸ್ತಗೀರ ಮೈ ಒರೆಸಿದನು. ಅಜ್ಜನವರು ಅರಿವೆ ಉಟ್ಟುಕೊಂಡು, ಅವನ ತಲೆಯ ಮೇಲೊಮ್ಮೆ ಕೈಯಿಟ್ಟು, ಬಂದ ಹಾಗೆಯೇ ಮಂಜಿನೊಳಗೆ ನಡೆದುಹೋದರು.

ಮಂಚದ ಕಡೆಯಿಂದ ಸಣ್ಣ ಸದ್ದಾಯಿತು. ಭರಮಪ್ಪ ತನ್ನ ಎಡಗೈಯಿಂದ ಹೊದಿಕೆಯನ್ನು ತಾನೇ ಜಗ್ಗಿ ತೆಗೆಯುತ್ತಿದ್ದನು. ಕಣ್ಣೀರು ಕಿವಿಯವರೆಗೆ ಹರಿದಿತ್ತು.

"ದಸ್ತಗೀರಾ, ಇನ್ನಾ ನೀರ ಉಳದಾವೇನು?"

"ಅದಾವ ನೋಡ್ರಿ, ಕಾಕಾ."

ಅಂದು ಮೊದಲ ಬಾರಿಗೆ ದಸ್ತಗೀರ ಅವನನ್ನು ಹೊರಳಿಸಿ, ಹುಣ್ಣು ತೊಳೆದು, ಪಟ್ಟಿ ಕಟ್ಟಿದನು. ನೋವಿಗೆ ಭರಮಪ್ಪ ಹಲ್ಲು ಕಚ್ಚಿದನೇ ಹೊರತು ಕೈ ದೂಡಲಿಲ್ಲ.

ಅಜ್ಜನವರ ಕೃಪೆಯಿಂದ ಬಿದ್ದ ಕೈ ಎದ್ದಿತೇ ಎಂದು ಭಕ್ತರು ಕೇಳುವುದುಂಟು. ಏಳಲಿಲ್ಲ. ಅಜ್ಜನವರು ಹಾಗೆಂದು ಹೇಳಿಯೂ ಇರಲಿಲ್ಲ. ಯುಗಾದಿಯ ಹೊತ್ತಿಗೆ ಹುಣ್ಣು ಮಾತ್ರ ಒಣಗಿತು. ಭರಮಪ್ಪ ದಿಂಬಿಗೆ ಒರಗಿ ಕೂಡುವಂತಾದನು. ಹಳೆಯ ಕುಸ್ತಿಯ ಕಥೆಗಳನ್ನು ದಸ್ತಗೀರನಿಗೆ ಹೇಳುವನು, ಕೇಳಿದ್ದನ್ನೇ ಅವನು ಮತ್ತೆ ಕೇಳುವನು.

ಒಂದು ಮುಂಜಾನೆ ದಸ್ತಗೀರ ಬರುವುದು ತಡವಾಯಿತು. ತಂದೆಯನ್ನು ಒಬ್ಬನನ್ನೇ ಬಿಟ್ಟು ಅಂಗನವಾಡಿಗೆ ಹೋಗಲಾರದೆ ಕಸ್ತೂರಿ ಹೊಸ್ತಿಲಲ್ಲೇ ನಿಂತಿದ್ದಳು. ಭರಮಪ್ಪ ಅವಳತ್ತ ನೋಡಿ ಹೇಳಿದನು:

"ನೀ ಹೋಗವ್ವ, ಹುಡುಗೂರು ಕಾಯ್ತಿರ್ತಾವ. ನಮ್ಮವ ಬರ್ತಾನ."